ಬಿಟ್ಟುಕೊಟ್ಟ ಅಪೀಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕ್ರಿಮಿನಲ್ ಮೊಕದ್ದಮೆಯು ಪೂರ್ಣ ವಿಚಾರಣೆ ನಡೆದು ತೀರ್ಮಾನವಾಗುವುದು ಬಹು ಅಪೂರ್ವ. ಫೆಡರಲ್ ನ್ಯಾಯಸ್ಥಾನಗಳ ಅಪರಾಧನಿರ್ಣಯಗಳಲ್ಲಿ ನೂರಕ್ಕೆ 97 ತಪ್ಪೊಪ್ಪಿಗೆಯಿಂದಲೇ ಆಗತಕ್ಕವೆಂದು ಅಲ್ಲಿಯ ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿತು. ಒಪ್ಪಿಗೆಯ ಹಿಂದೆ ಸಾಮಾನ್ಯವಾಗಿ ಒಂದು ಕರಾರಿರುತ್ತದೆ. ಸರ್ಕಾರವು ಕೆಲವು ಆಪಾದನೆಗಳನ್ನು ಕೈಬಿಡುತ್ತದೆ, ಆಪಾದಿತನು ಉಳಿದುದನ್ನು ಒಪ್ಪುತ್ತಾನೆ. ಅನೇಕ ಕರಾರುಗಳಲ್ಲಿ, ಮುಂದೆ ವಿಧಿಸಲ್ಪಡುವ ಶಿಕ್ಷೆಯ ಮೇಲೆ ಅಪೀಲು ಹೋಗಕೂಡದೆಂಬ ಷರತ್ತೂ ಸೇರಿರುತ್ತದೆ.

ಈ ಷರತ್ತು ಬರೆದುಕೊಟ್ಟವನನ್ನು ಬಂಧಿಸಬೇಕೆ? ಬಂಧಿಸಬೇಕೆನ್ನುವವರ ವಾದವು ಹಗುರವಾದುದಲ್ಲ. ತನ್ನದನ್ನು ಬಿಟ್ಟುಕೊಡುವ ಸ್ವಾತಂತ್ರ್ಯವಿಲ್ಲವೆಂದರೆ ಮನುಷ್ಯನನ್ನು ಬಾಲಕನೆಂದೆಣಿಸಿದಂತಾಯಿತು. ಮೇಲಾಗಿ, ಮಾತು ಮುರಿಯಬಲ್ಲವನಿಗೆ ಸರ್ಕಾರವು ರಿಯಾಯಿತಿಯನ್ನಾದರೂ ಏಕೆ ಕೊಟ್ಟೀತು?

ಆದರೆ ಸಹಿ ಬೀಳುವ ದಿನ ಶಿಕ್ಷೆಯು ಹುಟ್ಟಿಯೇ ಇರುವುದಿಲ್ಲ. (ಸಾಲಪತ್ರ ಬರೆದುಕೊಡುವವನಿಗಾದರೋ ಅಸಲು ಬಡ್ಡಿಗಳ ಲೆಕ್ಕ ಮೊದಲೇ ಗೊತ್ತು.) 1992ರಲ್ಲಿ ಐದನೆಯ ಸರ್ಕ್ಯೂಟಿನ ಅಪೀಲು ನ್ಯಾಯಾಲಯವು ಇಂಥ ಷರತ್ತನ್ನು ಎತ್ತಿಹಿಡಿಯಿತು. ಪೀಠದಲ್ಲಿದ್ದ ನ್ಯಾಯಾಧೀಶ ಪಾರ್ಕರರು ಪೂರ್ವನಿರ್ಣಯಕ್ಕೆ ಕಟ್ಟುಬಿದ್ದು ಸಮ್ಮತಿಸಿದರೂ, ಇನ್ನೂ ವಿಧಿಸದ ಶಿಕ್ಷೆಯ ಮೇಲಣ ಅಪೀಲನ್ನು ಯಾರೂ ತಿಳಿದು ಬಿಡಲಾರರೆಂದು ಬೇರೆಯಾಗಿ ಬರೆದರು. ಆ ಬಳಿಕ ಕೆಲವು ನ್ಯಾಯಾಲಯಗಳು ಘೋರ ಅನ್ಯಾಯವಾಗುವೆಡೆ ಷರತ್ತನ್ನು ಲೆಕ್ಕಿಸೆವೆಂದಿವೆ. ಅನ್ಯಾಯವು ಎಷ್ಟಾದರೆ ಘೋರವಾಗುವುದೆಂಬುದಕ್ಕೆ ಅಳತೆಗೋಲನ್ನು ಎಲ್ಲಿ ಹುಡುಕುವುದು?

ಅಜ್ಞಾನದ ಆಕ್ಷೇಪಣೆಗಿಂತಲೂ ಆಳವಾದುದು ಇನ್ನೊಂದುಂಟು. ಅಪೀಲು ಕೇವಲ ಸೋತವನ ಸೊತ್ತೆ? ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು, ದೋಷದಿಂದ ತೀರ್ಮಾನವಾದ ವ್ಯವಹಾರವನ್ನು ರಾಜನು ಪುನಃ ನೋಡಿ, ಗೆದ್ದವನೊಡನೆ ಸಭ್ಯರನ್ನೂ ದಂಡಿಸತಕ್ಕದ್ದೆಂದು ವಿಧಿಸುತ್ತದೆ. ಅಲ್ಲಿ ಪುನರ್ವಿಮರ್ಶೆಯು ರಾಜನ ಧರ್ಮ. ಪರೀಕ್ಷೆಗೆ ಗುರಿಯಾಗತಕ್ಕವರು ತೀರ್ಪುಗಾರರು. ಆಪಾದಿತನು ತನ್ನ ಅನುಕೂಲವನ್ನು ಮಾರಿಕೊಳ್ಳಲಿ. ನ್ಯಾಯಾಧೀಶನ ತಪ್ಪನ್ನು ಮುಚ್ಚಿಡುವ ಅಧಿಕಾರ ಅವನಿಗೆಲ್ಲಿಯದು? ಅದನ್ನು ಕೊಂಡುಕೊಳ್ಳುವುದು ಸರ್ಕಾರಕ್ಕೆ ಇನ್ನೂ ಅಯುಕ್ತ. ಏಕೆಂದರೆ ತಪ್ಪು ತಿದ್ದುವ ಹೊಣೆಯೇ ಅದರದು.

ಭಾರತದಲ್ಲಿ ಈ ಪದ್ಧತಿ 2006ರಲ್ಲಿ ಜಾರಿಗೆ ಬಂದಿತು. ಏಳು ವರ್ಷಗಳಿಗೆ ಮೀರದ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಅದು ಸಲ್ಲುತ್ತದೆ. ಇಲ್ಲಿ ಅಪೀಲನ್ನು ನಿಷೇಧಿಸಿರುವುದು ಕರಾರಲ್ಲ, ಶಾಸನವೇ. 2024ರ ಜುಲೈಯಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಆ ನಿಷೇಧವನ್ನು ಉಳಿಸಿಕೊಂಡಿದೆ. ಆದರೂ ಸಂವಿಧಾನದ 136, 226, 227ನೆಯ ವಿಧಿಗಳ ಮೂಲಕ ಸುಪ್ರೀಂ ಕೋರ್ಟಿಗೂ ಹೈಕೋರ್ಟಿಗೂ ಹೋಗುವ ದಾರಿಯನ್ನು ಶಾಸನವು ತೆರೆದೇ ಇಟ್ಟಿದೆ.