ವೈರ ಮುಗಿದ ಮೇಲಿನ ದಾರಿ: ದಯೆಯೋ, ಕರ್ತವ್ಯವೋ?

ಯುದ್ಧ ಮುಗಿದ ಮರುದಿನವೂ ಮನುಷ್ಯನಿಗೆ ಉಪ್ಪು, ಧಾನ್ಯ, ಬಟ್ಟೆ ಬೇಕೇ ಬೇಕು. ಅವು ಬರುವ ದಾರಿಯು ನಿನ್ನೆಯ ಶತ್ರುವಿನ ನೆಲದಲ್ಲಿದ್ದರೆ? ಆ ದಾರಿಯನ್ನು ಬಿಟ್ಟುಕೊಡುವುದು ಅವನ ದಯೆಯೋ, ಕರ್ತವ್ಯವೋ? ದಕ್ಷಿಣ ಅಮೆರಿಕದ ಎರಡು ಪ್ರಸಂಗಗಳು ಈ ವಿಷಯದಲ್ಲಿ ವಿಚಾರಾರ್ಹವಾಗಿವೆ.

1879ರಲ್ಲಿ ಆರಂಭವಾದ ಯುದ್ಧದಲ್ಲಿ ಬೊಲಿವಿಯಾ ದೇಶವು ತನ್ನ ಸಮುದ್ರತೀರವನ್ನೆಲ್ಲ ಚಿಲಿಗೆ ಕಳೆದುಕೊಂಡಿತು. 1904ರ ಒಪ್ಪಂದದಲ್ಲಿ ಆ ತೀರವು ಚಿಲಿಯದೇ ಎಂದು ನಿರ್ಣಯವಾಯಿತು; ಪ್ರತಿಯಾಗಿ ಚಿಲಿಯ ನೆಲ ಹಾಗೂ ಬಂದರುಗಳ ಮೂಲಕ ಸರಕು ಸಾಗಿಸುವ ನಿರಂತರ ಹಕ್ಕು ಬೊಲಿವಿಯಾಕ್ಕೆ ದೊರೆಯಿತು. ಅರಿಕಾ ಬಂದರಿನಿಂದ ಲಾ ಪಾಜ್‌ವರೆಗೆ ಚಿಲಿಯೇ ರೈಲುಮಾರ್ಗವನ್ನು ಕಟ್ಟಿಸಿತು. ಅದು 1913ರಲ್ಲಿ ಉದ್ಘಾಟನೆಗೊಂಡಿತು. ಲೆಕ್ಕದ ಪುಸ್ತಕದಲ್ಲಿ ಇದು ಸಣ್ಣ ಕೊಡುಗೆಯಲ್ಲ. ಆದರೂ ಬೊಲಿವಿಯಾದ ನೋವು ಆರಲಿಲ್ಲ. ಕಡಲಿಲ್ಲದ ಆ ದೇಶವು ಇಂದಿಗೂ ನೌಕಾಪಡೆಯನ್ನು ಇಟ್ಟುಕೊಂಡಿದೆ. ಪ್ರತಿವರ್ಷ ಮಾರ್ಚ್ 23ರಂದು ಸಮುದ್ರ ದಿನವನ್ನು ಆಚರಿಸುತ್ತದೆ. ಕಡಲಿನ ಒಡೆತನದ ಬಗ್ಗೆ ಮಾತುಕತೆ ನಡೆಸಲು ಚಿಲಿಗೆ ಕಾನೂನಿನ ಬಾಧ್ಯತೆಯಿಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2018ರ ಅಕ್ಟೋಬರ್ 1ರಂದು 12-3ರ ಬಹುಮತದಿಂದ ತೀರ್ಪಿತ್ತಿತು. ಆದರೆ ನೆರೆಹೊರೆಯ ಸದ್ಭಾವದಿಂದ ಮಾತುಕತೆ ಮುಂದುವರಿಯಲು ಈ ತೀರ್ಪು ಅಡ್ಡಿಯಾಗಬಾರದೆಂದೂ ಸೇರಿಸಿತು.

ಎರಡನೆಯದು ಪೆರು ಮತ್ತು ಈಕ್ವೆಡಾರ್ ದೇಶಗಳದು. 1941, 1981, 1995ರಲ್ಲಿ ಗಡಿಗಾಗಿ ಕಾದಾಡಿದ ಈ ದೇಶಗಳು 1998ರ ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಶಾಂತಿಗೆ ಸಹಿ ಹಾಕಿದವು. ಅರ್ಜೆಂಟೀನ, ಬ್ರೆಜಿಲ್, ಚಿಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳು ಜಾಮೀನಾಗಿ ನಿಂತವು. ಅಮೆಜಾನ್ ನದಿಯ ಮೇಲೆ ಒಡೆತನ ಬೇಕೆಂಬ ಹಳೆಯ ಹಟವನ್ನು ಈಕ್ವೆಡಾರ್ ಬಿಟ್ಟಿತು. ಆ ನದಿಯಲ್ಲಿ ನಿರಂತರ ಸಂಚಾರದ ಹಕ್ಕನ್ನೂ, ದಡದಲ್ಲಿ ಎರಡು ವ್ಯಾಪಾರ ಕೇಂದ್ರಗಳಿಗೆ ಸ್ಥಳವನ್ನೂ ಪೆರು ಕೊಟ್ಟಿತು. ಈಕ್ವೆಡಾರಿನ ಸೈನಿಕರು ಮಡಿದ ತಿವಿಂಜಾದಲ್ಲಿ ಒಂದು ಚದರ ಕಿಲೋಮೀಟರ್ ಭೂಮಿಯನ್ನು ಖಾಸಗಿ ಸ್ವತ್ತಾಗಿ ಬಿಟ್ಟುಕೊಟ್ಟಿತು. ಸಾರ್ವಭೌಮತ್ವ ಮಾತ್ರ ಪೆರುವಿನದೇ ಆಗಿ ಉಳಿಯಿತು. ಇದು ಸುಲಭದ ಕಾರ್ಯವಾಗಿರಲಿಲ್ಲ. ಪೆರುವಿನ ಇಕ್ವಿಟೋಸ್ ನಗರದಲ್ಲಿ ಉಗ್ರ ಪ್ರತಿಭಟನೆಗಳೇ ನಡೆದವು. ಆದರೆ ಅಂದಿನಿಂದ ಆ ಎರಡು ದೇಶಗಳ ನಡುವೆ ಯುದ್ಧವಾಗಿಲ್ಲ.

ಅಣ್ಣತಮ್ಮಂದಿರು ಮನಸ್ತಾಪದಿಂದ ಬೇರೆಯಾದಾಗಲೂ ನಮ್ಮ ಹಿರಿಯರು ಬಾವಿಗೆ ಹೋಗುವ ದಾರಿಯನ್ನು ಪಾಲುಪತ್ರದಲ್ಲಿ ಬರೆಸುತ್ತಿದ್ದರು. ದಯೆಯಿಂದ ಕೊಟ್ಟ ದಾರಿಯನ್ನು ಕೋಪ ಬಂದ ದಿನ ಮುಚ್ಚಬಹುದು. ಪಡೆದವನು ಸದಾ ಅಂಜಿಕೊಂಡೇ ಬಾಳಬೇಕಾಗುತ್ತದೆ. ಆದ್ದರಿಂದ ದಾರಿಯು ಹಕ್ಕಾಗಿ, ಬರಹದಲ್ಲಿ ಇರತಕ್ಕದ್ದು.

ಆದರೆ ಬರಹವೊಂದೇ ಸಾಲದೆಂಬುದಕ್ಕೆ ಬೊಲಿವಿಯಾ ಸಾಕ್ಷಿ. ಅಲ್ಲಿ ಸರಕಿಗೆ ದಾರಿ ಸಿಕ್ಕಿತು, ಮಾನಕ್ಕೆ ಸಿಗಲಿಲ್ಲ. ತಿವಿಂಜಾದ ತುಂಡು ಭೂಮಿಯಿಂದ ವ್ಯಾಪಾರಕ್ಕೆ ಕಾಸಿನ ಲಾಭವಿಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ದುಃಖವನ್ನು ಎದುರಾಳಿಯೂ ಗೌರವಿಸಿದನೆಂಬುದಕ್ಕೆ ಅದು ಗುರುತಾಗಿದೆ.

ಕಾನೂನಿನ ಬಾಧ್ಯತೆ ಮುಗಿದ ಕಡೆ ಮನುಷ್ಯನ ಕರ್ತವ್ಯ ಮುಗಿಯುವುದಿಲ್ಲ. ಗೆದ್ದವನು ತಕ್ಕಡಿಯಲ್ಲಿ ಸರಕಿನೊಡನೆ ಸೋತವನ ನೋವನ್ನೂ ಇಟ್ಟು ತೂಗಬೇಕು. ಸೋತವನೂ ಹಿಂದಿರುಗಿ ಬಾರದ್ದನ್ನು ಬಿಡಲು ಕಲಿಯಬೇಕು. ಹಾಗೆ ಕುದುರಿದ ವ್ಯವಹಾರವೇ ಮಕ್ಕಳ ಕಾಲಕ್ಕೂ ಬಾಳುವುದೆಂಬುದು ನನ್ನ ನಮ್ರ ಅಭಿಪ್ರಾಯ.