ಗಂಟೆ ಬಾರಿಸಿದರೆ ಬರುವವರು ಯಾರು?

ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲೋ ಸುಳ್ಯದ ಪೇಟೆಯಲ್ಲೋ ಒಬ್ಬ ಬಿದ್ದಿದ್ದರೆ ನಾವು ಹೇಳುವುದೇನು? "ಕುಡಿದು ಬಿದ್ದದ್ದು ಮಾರಾಯ್ರೆ, ಬಿಡಿ." ಆ 'ಬಿಡಿ' ಎಂಬಲ್ಲಿಗೆ ತೀರ್ಪು ಮುಗಿಯಿತು. ಉಸಿರಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವವರಿಲ್ಲ. ಮುಟ್ಟದೆ ದಾಟಿಹೋಗುವ ಅಭ್ಯಾಸ ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲವಲ್ಲ!

ಕೆನಡಾದ ವ್ಯಾಂಕೂವರ್ ನಗರದಲ್ಲಿ ಮನೆಯಿಲ್ಲದವರಿಗೆ ಆಸರೆಯ ವಸತಿಗಳಿವೆ. ಡ್ರಗ್ಸ್ ಬಿಟ್ಟವನಿಗೆ ಮಾತ್ರ ಕೋಣೆ ಎಂಬ ಷರತ್ತು ಅಂಥ ಹಲವು ಕಡೆ ಇಲ್ಲ. ಫೆಂಟನಿಲ್ ಬೆರೆತ ಮಾಲು ಜನರನ್ನು ಕೊಲ್ಲತೊಡಗಿದಾಗ, ೨೦೧೬ರಲ್ಲಿ, ಆ ಪ್ರಾಂತ್ಯದ ಸರ್ಕಾರ ಆರೋಗ್ಯ ತುರ್ತುಸ್ಥಿತಿ ಸಾರಿತು. ಹೆಚ್ಚಿನವರು ಸತ್ತದ್ದು ಬೀದಿಯಲ್ಲಲ್ಲ, ನಾಲ್ಕು ಗೋಡೆಗಳ ನಡುವೆ. ಡೋಸು ಹೆಚ್ಚಾದವನ ಉಸಿರು ನಿಧಾನವಾಗಿ ನಿಲ್ಲುತ್ತದೆ. ನಲೋಕ್ಸೋನ್ ಎಂಬ ಮದ್ದು ಬೇಗ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಮರಳುತ್ತದೆ. ಆದರೆ ಪ್ರಜ್ಞೆ ತಪ್ಪಿದವ ತನಗೆ ತಾನೇ ಕೊಟ್ಟುಕೊಳ್ಳಲಾರ. ಅದಕ್ಕೇ ಕೋಣೆಗಳಲ್ಲಿ ಬಟನ್ ಇಟ್ಟರು. ಒತ್ತಿದರೆ ಸಿಬ್ಬಂದಿಯ ಫೋನಿಗೆ ಸುದ್ದಿ, ಯಾರಾದರೂ ಬಂದು ಕದ ತಟ್ಟುತ್ತಾರೆ. ಕೆಲವು ಬಚ್ಚಲುಗಳಲ್ಲಿ ಸೆನ್ಸರ್ ಉಂಟು. ಒಳಗಿನವನ ಅಲುಗಾಟ ನಿಂತರೆ ಅದು ಕೂಗುತ್ತದೆ. ಕ್ಯಾಮರಾ ಇಲ್ಲ.

ಇಲ್ಲಿ ನಮ್ಮ ಗೆಳೆಯರಿಗೆ ಅನುಮಾನ ಬಂದರೆ ಅದು ನ್ಯಾಯವೇ. ಬಡವನ ಕೋಣೆಗೇ ಯಾಕೆ ಯಂತ್ರದ ಕಿವಿ? ಸಾಹುಕಾರ ಬಂಗಲೆಯಲ್ಲಿ ಕುಡಿದರೆ ಪಾರ್ಟಿ, ಕೂಲಿಯವ ಕಾಲೊನಿಯಲ್ಲಿ ಕುಡಿದರೆ ಕೇಸು. ಆದರೆ ನಾನು ಕೇಳುವ ಪ್ರಶ್ನೆ, ಆ ಗಂಟೆ ಬಾರಿಸುವುದು ಎಲ್ಲಿ ಎಂಬುದು. ಸಂಗಾತಿಯ ಕಿವಿಯಲ್ಲೋ, ಪೊಲೀಸು ಠಾಣೆಯಲ್ಲೋ? ಠಾಣೆಯಲ್ಲಾದರೆ ಆ ಬಟನ್ನನ್ನು ಯಾವನೂ ಒತ್ತುವುದಿಲ್ಲ. ಕೆನಡಾ ೨೦೧೭ರಲ್ಲಿ ಕಾನೂನು ತಂದಿತು: ಜೀವ ಉಳಿಸಿ ಎಂದು ಕರೆದವನ ಮೇಲೆ, ಡ್ರಗ್ಸ್ ಬಳಿಯಿದ್ದ ಮಾತ್ರಕ್ಕೆ ಕೇಸಿಲ್ಲ. ನಮ್ಮ ೧೯೮೫ರ ಮಾದಕವಸ್ತು ಕಾಯ್ದೆಯಲ್ಲಿ ಸೇವನೆಯೇ ಅಪರಾಧ. ರೂಮಿನ ಗೆಳೆಯ ಕಣ್ಣು ಮೇಲೆ ಮಾಡಿದಾಗ ಹುಡುಗರು ೧೦೮ಕ್ಕೆ ಫೋನು ಮಾಡಲು ಯಾಕೆ ಹಿಂಜರಿಯುತ್ತಾರೆ, ಹೇಳಿ!

ಆ ಮದ್ದು ನಮ್ಮೂರಿಗೆ ಹಾಗೆಯೇ ಹೊಂದದು, ನಿಜ. ಅದು ಹೆರಾಯಿನ್ ಜಾತಿಯ ವಸ್ತುಗಳಿಗೆ ಮಾತ್ರ. ಮದ್ಯಕ್ಕೂ ಎಂಡಿಎಂಎಗೂ ನಾಟುವುದಿಲ್ಲ. ೨೦೦೭ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಂತಿಲ್ಲ. ಮದ್ಯವರ್ಜನ ಶಿಬಿರಗಳು ನಡೆಯುತ್ತವೆ, ನಡೆಯಲಿ. ಬಿಡುತ್ತೇನೆಂದು ಬಂದವನಿಗೆ ಅಲ್ಲಿ ಜಾಗವಿದೆ. ಇನ್ನೂ ಬಿಡಲಾರದವನಿಗೆ? ಸುಳ್ಯದ ರಬ್ಬರ್ ತೋಟದ ಲೈನಿನಲ್ಲೋ ಕಡಬದ ಬಾಡಿಗೆ ಕೋಣೆಯಲ್ಲೋ ಒಬ್ಬನೇ ಕುಡಿದು ಅಂಗಾತ ಮಲಗಿದವ ವಾಂತಿ ಉಸಿರಿಗೆ ಸಿಕ್ಕಿ ಸಾಯಬಹುದು. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಕರೆದರೂ ಏಳದಿದ್ದರೆ ಆಸ್ಪತ್ರೆಗೆ ಸಾಗಿಸಬೇಕು. ಇದಕ್ಕೆ ಸೆನ್ಸರ್ ಬೇಡ, ರಾತ್ರಿ ಒಂದು ಸಲ ಕದ ತಟ್ಟುವ ನೆರೆಯವ ಸಾಕು.

"ಹೀಗೆ ಕಾಪಾಡಿದರೆ ನಾಳೆಯೂ ಕುಡಿಯುತ್ತಾನಲ್ಲ?" ಎನ್ನುವ ಮೇಷ್ಟ್ರುಗಳಿದ್ದಾರೆ. ಕುಡಿಯಬಹುದು. ಸಕ್ಕರೆ ಕಾಯಿಲೆಯ ಧಣಿ ಹೋಳಿಗೆ ತಿಂದು ಬಿದ್ದರೆ, ಇನ್ನು ತಿನ್ನುವುದಿಲ್ಲವೆಂದು ಆಣೆ ಹಾಕಿಸಿಕೊಂಡು ಆಸ್ಪತ್ರೆಯ ಒಳಗೆ ಬಿಡುತ್ತಾರೆಯೇ?