ಕೂಸಿಗೆ ಏನಾಗುತ್ತದೆ?



1997ರಲ್ಲಿ ನ್ಯೂಯಾರ್ಕಿನಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬರು ಕೂಸನ್ನು ತಳ್ಳುಗಾಡಿಯಲ್ಲಿ ಹೋಟೆಲಿನ ಹೊರಗೆ ಬಿಟ್ಟು ಒಳಗೆ ಕೂತರು. ಪೊಲೀಸರು ಬಂಧಿಸಿದರು, ಕೂಸನ್ನು ಕೆಲವು ದಿನ ದೂರ ಇಟ್ಟರು. ಅವರ ದೇಶದಲ್ಲಿ ಚಳಿಗಾಲದಲ್ಲೂ ಕೂಸುಗಳನ್ನು ಬೆಚ್ಚಗೆ ಸುತ್ತಿ ಹೊರಗೆ ಮಲಗಿಸುತ್ತಾರೆ, ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು. ನಮ್ಮ ಬಾಣಂತಿ ಕೋಣೆಯ ಅಜ್ಜಿಯರು ಕೇಳಿದರೆ ಎದೆ ಬಡಿದುಕೊಂಡಾರು!

ರೂಢಿ ಎಂಬ ಕಾರಣಕ್ಕೇ ಒಪ್ಪಬೇಡಿ ಎಂದು ಕಾಲಾಮರಿಗೆ ಬುದ್ಧರು ಹೇಳಿದ್ದು ನಮಗೆಲ್ಲ ಬಾಯಿಪಾಠ. ಹಿತವೆಂದು ಕಂಡರೆ ಪಾಲಿಸಿ ಎಂದದ್ದನ್ನು ಮರೆಯುತ್ತೇವೆ. ಅಜ್ಜಿ ಎಣ್ಣೆ ತಿಕ್ಕಿ ಎರೆಯುವುದನ್ನು ನಮ್ಮಲ್ಲಿ ಓದಿದವರು ಮೂಢನಂಬಿಕೆ ಎನ್ನುವಾಗ ನಾನು ಕೇಳುವುದಿಷ್ಟೇ: ಕೂಸಿಗೆ ಏನಾಯಿತು?

ಇದೇ ಪ್ರಶ್ನೆಯನ್ನು ಕಾಮಾಲೆಗೆ ಬರೆ ಹಾಕುವವರಿಗೂ ಕೇಳುತ್ತೇನೆ. ಸುಟ್ಟ ಗಾಯಕ್ಕೆ ನಂಜೇರಿದರೆ ಹಸುಗೂಸು ಉಳಿಯುವುದೇ ಕಷ್ಟ. ಇಲ್ಲಿ 'ಅದು ಅವರ ಸಂಸ್ಕೃತಿ' ಎಂದು ಸುಮ್ಮನಿರುವುದು ನನಗೆ ಒಪ್ಪಿಗೆಯಿಲ್ಲ. ಬೈದು ಬರುವುದೂ ಒಪ್ಪಿಗೆಯಿಲ್ಲ. ಬರೆ ಹಾಕಿಸುವ ತಾಯಿ ಕ್ರೂರಿಯಲ್ಲ, ಹೆದರಿದವಳು. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ, ಬಟ್ಟೆ ಬಿಚ್ಚಿ ನೀಲಿ ದೀಪದಡಿ ಮಲಗಿಸುವುದು ಅವಳ ಕಣ್ಣಿಗೆ ಬರೆಗಿಂತ ವಿಚಿತ್ರ. ಆ ಬೆಳಕು ಏನು ಮಾಡುತ್ತದೆಂದು ಅವಳ ಪಕ್ಕ ಕೂತು ಯಾರಾದರೂ ಹೇಳಿದ್ದಾರೆಯೇ?